ಬಿಸಿಲುಣ್ಣದ ಹವಳ

1706ರಲ್ಲಿ ಇಟಲಿಯ ಲುಯಿಜಿ ಫರ್ಡಿನಾಂಡೊ ಮಾರ್ಸಿಲಿ ಆಗತಾನೆ ಮೆಡಿಟರೇನಿಯನ್ ಸಮುದ್ರದಿಂದ ಮೇಲೆತ್ತಿದ ಕೆಂಪು ಹವಳದ ಕೊಂಬೆಗಳನ್ನು ಸಮುದ್ರದ ನೀರಿದ್ದ ಪಾತ್ರೆಯಲ್ಲಿಟ್ಟ. ಮತ್ತೆ ಬಂದು ನೋಡಿದರೆ ಕೊಂಬೆಯ ಮೈತುಂಬ ಎಂಟೆಂಟು ಎಸಳಿನ ಬಿಳಿ ಹೂಗಳು! ನೀರಿನಿಂದ ತೆಗೆದರೆ ಮುದುಡುತ್ತಿದ್ದವು, ಮುಳುಗಿಸಿದರೆ ಮತ್ತೆ ಅರಳುತ್ತಿದ್ದವು. ಹವಳ ಗಿಡವೇ ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಆತ ಹಿಗ್ಗಿದ. 1720ರ ದಶಕದಲ್ಲಿ ಮಾರ್ಸೇಯ ವೈದ್ಯ ಝಾನ್ ಆಂದ್ರೆ ಪೇಸೊನೆಲ್ ಅದೇ ಹೂಗಳನ್ನು ನೋಡಿ, ಇವು ಹೂವಲ್ಲ, ಪುಟ್ಟ ಪ್ರಾಣಿಗಳು ಎಂದ. ವಿಜ್ಞಾನಿ ರೆಯೋಮುರ್ ಆ ಮಾತನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ, ಹೇಳಿದವನು ನಗೆಪಾಟಲಾದಾನೆಂದು ಅವನ ಹೆಸರನ್ನೇ ಮರೆಮಾಚಿದ.

ಮಾರ್ಸಿಲಿ ಎಸಳೆಂದು ಎಣಿಸಿದ್ದು ಕರಬಳ್ಳಿಗಳನ್ನು. ಬಾಯಿಯ ಸುತ್ತ ಚಾಚಿಕೊಂಡು, ಹಾದುಹೋದದ್ದನ್ನು ಹಿಡಿದು ಬಾಯಿಗಿಡುವ ಕೈಗಳವು. ಈ ಪ್ರಸಂಗ ನನಗೆ ಇಷ್ಟವಾಗಲು ಇನ್ನೊಂದು ಕಾರಣವಿದೆ. ಉಂಗುರಕ್ಕೆ ಕೂರಿಸುವ ಆ ಕೆಂಪು ಹವಳ ಬಿಸಿಲನ್ನು ಉಣ್ಣುವ ಜಾತಿಯದಲ್ಲ. ಗುಹೆಯ ಸೂರು, ಬಂಡೆಯ ಅಡಿ, ಬೆಳಕು ಕುಂದಿದ ಆಳ, ಇವೇ ಅದರ ಮನೆ. ಹಾಗಾಗಿ ಬೆಳಕು ಬೇಡದ ಹವಳದ ಮೊದಲ ಅಕ್ವೇರಿಯಂ ಅಂದರೆ ಮಾರ್ಸಿಲಿಯ ಪಾತ್ರೆಯೇ ಎಂದು ನಾನು ತಮಾಷೆಗೆ ಹೇಳುವುದುಂಟು. ಅದಕ್ಕೆ ಊಟ ಹಾಕಬೇಕೆಂದು ಆತನಿಗೆ ಹೊಳೆದಿರಲಾರದು. ಗಿಡ ತಾನೆ!

ಇವತ್ತು ಮನೆಯಲ್ಲಿ ಹವಳ ಸಾಕುವವರಲ್ಲಿ ಹೆಚ್ಚಿನವರು ಸಾಕುವುದು ನಿಜವಾಗಿಯೂ ಅರ್ಧ ಗಿಡದಂತಿರುವ ಹವಳಗಳನ್ನು. ಅವುಗಳ ಜೀವಕೋಶಗಳ ಒಳಗೇ ಜೂಕ್ಸಾಂಥೆಲ್ಲಿ ಎಂಬ ಕಂದುಬಣ್ಣದ ಏಕಕೋಶ ಪಾಚಿಗಳು ಒಕ್ಕಲು ಕೂತಿರುತ್ತವೆ. ಬೆಳಕು ಬಿದ್ದಾಗ ಸಕ್ಕರೆ ತಯಾರಿಸಿ, ಅದರ ಬಹುಪಾಲನ್ನು ಮನೆಯೊಡೆಯನಿಗೆ ಬಾಡಿಗೆಯಾಗಿ ಒಪ್ಪಿಸುತ್ತವೆ. ಹವಳ ಹೊರಹಾಕುವ ಅಮೋನಿಯಾ, ಕಾರ್ಬನ್ ಡೈ ಆಕ್ಸೈಡ್ ಪಾಚಿಗೆ ಗೊಬ್ಬರ. ಒಳ್ಳೆಯ ಬಿಸಿಲಿದ್ದರೆ ಹವಳಕ್ಕೆ ಬೇಕಾದ ಶಕ್ತಿಯ ಶೇ. 90ಕ್ಕೂ ಹೆಚ್ಚು ಪಾಲು ಹೀಗೇ ಬರಬಹುದು. ಇಂಥ ಟ್ಯಾಂಕ್ ಇಟ್ಟವರ ಚಿಂತೆಯೆಲ್ಲ ಲೈಟಿನದು. ನೀರು ತಿಳಿಯಾಗಿರಬೇಕು, ಊಟ ಚಿಟಿಕೆಯಷ್ಟು ಸಾಕು.

ಆ ಪಾಚಿಯನ್ನು ಒಳಗೆ ಬಿಟ್ಟುಕೊಳ್ಳದ ಹವಳಗಳೂ ಇವೆ. ಅಪರೂಪದವೇನಲ್ಲ, ಹೆಸರಿಟ್ಟು ಗುರುತಿಸಿರುವ ಸುಮಾರು 1500 ಜಾತಿಯ ಕಲ್ಲುಹವಳಗಳಲ್ಲಿ ಹತ್ತಿರಹತ್ತಿರ ಅರ್ಧ ಇಂಥವೇ. ಹವಳವೆಂದರೆ ಬೆಚ್ಚಗಿನ ನೀಲಿ ನೀರು, ಸುಡುವ ಬಿಸಿಲು ಎಂಬ ಚಿತ್ರ ತಲೆಯಲ್ಲಿ ಕೂತವರಿಗೆ ಇದನ್ನು ನಂಬುವುದು ಕಷ್ಟ. ನಾರ್ವೆಯ ಲೋಫೋಟನ್ ದ್ವೀಪಗಳ ಆಚೆ, ಆರ್ಕ್ಟಿಕ್ ವೃತ್ತಕ್ಕಿಂತ ಉತ್ತರದಲ್ಲಿ, 300-400 ಮೀಟರ್ ಆಳದ ಕತ್ತಲಲ್ಲಿ ಲೋಫೀಲಿಯಾ ಎಂಬ ಹವಳ ಕಟ್ಟಿದ ದಿಬ್ಬವೊಂದು 2002ರಲ್ಲಿ ಪತ್ತೆಯಾಯಿತು. ಉದ್ದ ಸುಮಾರು 35 ಕಿಲೋಮೀಟರ್. ಅಷ್ಟನ್ನೂ ಕಟ್ಟಿದ್ದು ಬಿಸಿಲಿನ ಬಲದಿಂದಲ್ಲ, ತೇಲಿಬಂದದ್ದನ್ನು ಹಿಡಿದು ತಿಂದು.

ನನ್ನ ಪಾಲಿಗೆ ಬಂದದ್ದು ಸೂರ್ಯ ಹವಳ, ವಿಜ್ಞಾನದ ಹೆಸರು ಟ್ಯೂಬಾಸ್ಟ್ರಿಯಾ. ಸೂರ್ಯನಿಗೂ ಇದಕ್ಕೂ ನೆಂಟಸ್ತಿಕೆಯೇನಿಲ್ಲ, ಅರಳಿದಾಗ ಕಾಣುವ ಚೆಂದಕ್ಕೆ ಆ ಹೆಸರು. "ಇದಕ್ಕೆ ಲೈಟೇ ಬೇಡ, ಇದಕ್ಕಿಂತ ಸುಲಭದ್ದು ಇನ್ನೊಂದಿಲ್ಲ" ಎಂದಿದ್ದರು ಕೊಟ್ಟವರು. ಮಾತಿನ ಮೊದಲರ್ಧ ನಿಜ. ಮೂರು ವಾರ ಅದು ಬಾಯಿ ಬಿಡಲಿಲ್ಲ. ಕಿತ್ತಳೆ ಬಣ್ಣದ ಗುಬುಟುಗಳ ಒಂದು ಗೊಂಚಲು ಕಲ್ಲಿನ ಹಾಗೆ ಬಿದ್ದುಕೊಂಡಿತ್ತು. ಆಮೇಲೆ ಗುಬುಟುಗಳ ನಡುವಿನ ತೊಗಲು ಸವೆದು ಬಿಳಿಯ ಅಸ್ಥಿ ಇಣುಕತೊಡಗಿತು. ಅಷ್ಟು ದಿನವೂ ನಾನು ಊಟ ಹಾಕುತ್ತಿದ್ದುದು ಹಗಲಲ್ಲಿ, ಮೀನಿಗೆ ಹಾಕುವಾಗ. ಸೂರ್ಯ ಹವಳವೋ ರಾತ್ರಿ ಉಣ್ಣುವ ಪ್ರಾಣಿ. ಸಮುದ್ರದಲ್ಲಿ ಪುಟಾಣಿ ಪ್ರಾಣಿಗಳ ಹಿಂಡು ಕತ್ತಲಾದ ಮೇಲೆ ಮೇಲೇರಿ ಬರುತ್ತದೆ, ಅದರ ಹೊತ್ತಿಗೆ ಇದರ ಹೊಟ್ಟೆ.

ಕೊನೆಗೆ ಕಲಿತ ವಿಧಾನ ಹೀಗೆ. ರಾತ್ರಿ ಲೈಟ್ ಆರಿಸಿ ಪಂಪ್ ನಿಲ್ಲಿಸಬೇಕು. ಫ್ರೀಜ್ ಮಾಡಿದ ಮೈಸಿಸ್ ಎಂಬ ಪುಟ್ಟ ಸೀಗಡಿಯನ್ನು ಕರಗಿಸಿ, ಆ ನೀರನ್ನು ಪಿಪೆಟ್‌ನಲ್ಲಿ ಒಂದೆರಡು ಹನಿ ಹವಳದ ನೆತ್ತಿಯ ಮೇಲೆ ಬಿಡಬೇಕು. ವಾಸನೆ ಹಿಡಿದ ಗುಬುಟು ಮೊದಲು ಸ್ವಲ್ಪ ಉಬ್ಬುತ್ತದೆ, ತುದಿಯಲ್ಲೊಂದು ಸೀಳು ಕಾಣುತ್ತದೆ, ಸೀಳಿನ ಅಂಚಿನಿಂದ ಹಳದಿ ಮೊಳಕೆಗಳಂತೆ ಕರಬಳ್ಳಿಗಳು ಹೊರಬರುತ್ತವೆ. ಮೊದಲ ಸಲ ಇದಕ್ಕೆ ಗಂಟೆಗಟ್ಟಲೆ ಹಿಡಿಯಿತು. ದಿನವೂ ಅದೇ ಹೊತ್ತಿಗೆ ಮಾಡಿದರೆ ಕಾಲು ಗಂಟೆಗೆ ಇಳಿಯುತ್ತದೆ. ಹವಳಕ್ಕೆ ಮಿದುಳಿಲ್ಲ, ನರಗಳ ಒಂದು ಬಲೆಯಷ್ಟೇ. ಆದರೂ ಊಟದ ಹೊತ್ತಿಗೆ ತಯಾರಾಗುವ ರೂಢಿ ಅದಕ್ಕೆ ಹತ್ತಿತು.

ಪ್ಲಾಸ್ಟಿಕ್ ಬಾಟಲಿಯ ಮೇಲರ್ಧವನ್ನು ಕತ್ತರಿಸಿ ಹವಳದ ಮೇಲೆ ಕವುಚಿ, ಬಾಟಲಿಯ ಬಾಯಿಂದ ಪಿಪೆಟ್ ಇಳಿಸುತ್ತೇನೆ. ಇಲ್ಲದಿದ್ದರೆ ಊಟ ಚೆದುರಿಹೋಗುತ್ತದೆ. ಒಂದೊಂದು ಪಾಲಿಪ್‌ಗೆ, ಅಂದರೆ ಒಂದೊಂದು ಗುಬುಟಿಗೆ, ಒಂದೊಂದು ಸೀಗಡಿ. ಕರಬಳ್ಳಿಗೆ ತಗುಲಿದ್ದು ಅಲ್ಲೇ ಅಂಟಿಕೊಳ್ಳುತ್ತದೆ. ಅಂಟಲ್ಲ ಅದು, ಕುಟುಕು: ಕರಬಳ್ಳಿಯ ಮೈಮೇಲೆ ಸುರುಳಿ ಸುತ್ತಿದ ಈಟಿ ತುಂಬಿದ ಸಾವಿರಾರು ಕೋಶಗಳಿವೆ. ಹವಳದ ದೂರದ ಬಂಧುವಾದ ಹೈಡ್ರಾದಲ್ಲಿ ಇಂಥ ಈಟಿ ಚಿಮ್ಮಲು ಸುಮಾರು 700 ನ್ಯಾನೊಸೆಕೆಂಡ್ ಸಾಕೆಂದು 2006ರಲ್ಲಿ ಅಳೆದಿದ್ದಾರೆ. ಆಮೇಲಿನದೆಲ್ಲ ನಿಧಾನ. ಕೈಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ, ಸೀಗಡಿಯ ಕಪ್ಪು ಕಣ್ಣೆರಡು ಬಾಯಿಯ ಅಂಚಿನಲ್ಲಿ ಒಂದು ಕ್ಷಣ ನಿಂತು ಒಳಗೆ ಸರಿಯುತ್ತವೆ. ಇಷ್ಟರಲ್ಲಿ ಟ್ಯಾಂಕಿನ ಕ್ಲೀನರ್ ಸೀಗಡಿ ಬಾಟಲಿಯ ಕೆಳಗಿಂದ ಕೈ ತೂರಿಸಿ, ಹವಳ ಅರ್ಧ ನುಂಗಿದ ತುತ್ತನ್ನು ಎಳೆದುಕೊಂಡು ಓಡಿರುತ್ತದೆ. ಬಾಯಿಗೆ ಬಂದ ತುತ್ತು ಕೈತಪ್ಪಿತು ಎನ್ನುವುದನ್ನು ನಾನು ಅಕ್ಷರಶಃ ನೋಡಿದ್ದು ಆಗಲೇ.

ಮೂಲೆಯ ಪಾಲಿಪ್‌ಗಳನ್ನು ಮರೆಯುವಂತಿಲ್ಲ. ತೊಗಲು ಒಂದಕ್ಕೊಂದು ಕೂಡಿಕೊಂಡಿದ್ದರೂ, ಉಪವಾಸ ಬಿದ್ದದ್ದು ಉಳಿದವುಗಳ ಊಟದಿಂದ ಮೈ ತುಂಬಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಹವಳ ಚೇತರಿಸಿಕೊಂಡಿತು, ಟ್ಯಾಂಕ್ ಕೆಟ್ಟಿತು. ಕರಬಳ್ಳಿ ಕಂಡ ಖುಷಿಯಲ್ಲಿ ದಿನಕ್ಕೆ 10 ಗ್ರಾಂ ಆಹಾರ ಸುರಿಯುತ್ತಿದ್ದೆ. ಟ್ಯಾಂಕಿನ ನೀರು 200 ಲೀಟರ್. ಅದರ ಲೆಕ್ಕವನ್ನು ಒಮ್ಮೆ ಹಾಕಿಯೇ ನೋಡೋಣ. ಹಸಿ ಸೀಗಡಿಯಲ್ಲಿ ಹತ್ತರಲ್ಲೊಂದು ಪಾಲು ಪ್ರೊಟೀನ್ ಎಂದಿಟ್ಟುಕೊಂಡರೆ ದಿನಕ್ಕೆ 1 ಗ್ರಾಂ ಪ್ರೊಟೀನ್. ಪ್ರೊಟೀನಿನಲ್ಲಿ ಶೇ. 16ರಷ್ಟು ಸಾರಜನಕ, ಅಂದರೆ 0.16 ಗ್ರಾಂ. ಹವಳ ತಿಂದು ಹೊರಹಾಕಲಿ, ತಿನ್ನದೆ ಕೊಳೆಯಲಿ, ಮೈಗೆ ಹತ್ತಿದ ಅಲ್ಪಸ್ವಲ್ಪ ಬಿಟ್ಟರೆ ಆ ಸಾರಜನಕ ಮೊದಲು ಅಮೋನಿಯಾ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. 0.16 ಗ್ರಾಂ ಸಾರಜನಕದಿಂದ 0.7 ಗ್ರಾಂ ನೈಟ್ರೇಟ್ ಬರುತ್ತದೆ. 200 ಲೀಟರಿಗೆ ಹಂಚಿದರೆ ಲೀಟರಿಗೆ 3.5 ಮಿಲಿಗ್ರಾಂ, ಅದೂ ಪ್ರತಿದಿನ. ಹವಳದಿಬ್ಬಗಳ ಮೇಲಿನ ತಿಳಿನೀರಿನಲ್ಲಿ ಇರುವುದು ಸಾಮಾನ್ಯವಾಗಿ 1 ಮಿಲಿಗ್ರಾಮಿಗಿಂತ ಎಷ್ಟೋ ಕಡಿಮೆ.

ವಾರಕ್ಕೊಮ್ಮೆ ಹತ್ತನೇ ಒಂದು ಪಾಲು ನೀರು ಬದಲಿಸುತ್ತಿದ್ದೆನಲ್ಲ ಎಂದರೆ, ವಾರಕ್ಕೆ ಲೀಟರಿಗೆ 25 ಮಿಲಿಗ್ರಾಮಿನಷ್ಟು ಸೇರುತ್ತಿರುವಾಗ ಇದ್ದುದರಲ್ಲಿ ಹತ್ತನೇ ಒಂದನ್ನು ತೆಗೆದರೆ ಏರಿಕೆ ನಿಲ್ಲುವುದು 250ರ ಸುಮಾರಿಗೆ. ಅಲ್ಲಿಯವರೆಗೆ ಕಾಯುವ ಅಗತ್ಯ ಬೀಳಲಿಲ್ಲ. ಎರಡನೇ ತಿಂಗಳಿಗೇ ಗಾಜು ಹಸಿರು ಕಟ್ಟಿ ಹವಳ ಕಾಣದಾಯಿತು.

ಉಪವಾಸ ಕೆಡವಿದರೆ ಹವಳ ಸಾಯುತ್ತದೆ, ಉಣಿಸಿದರೆ ನೀರು ಸಾಯುತ್ತದೆ. ಹಾಗಾದರೆ ಸಮುದ್ರ ಇದನ್ನು ಹೇಗೆ ನಿಭಾಯಿಸುತ್ತದೆ? ಇನ್ನೊಂದು ಸಣ್ಣ ಲೆಕ್ಕ. ಅಂಗೈಯಗಲದ, ಅಂದರೆ 10 ಸೆಂಟಿಮೀಟರ್ ಉದ್ದಗಲದ ಒಂದು ಹವಳ. ಅದರ ಎದುರು ಸೆಕೆಂಡಿಗೆ 10 ಸೆಂಟಿಮೀಟರ್ ವೇಗದಲ್ಲಿ ನೀರು ಹರಿಯುತ್ತಿದೆ, ಸಮುದ್ರದ ಮಟ್ಟಿಗೆ ಇದು ಸಾಧಾರಣ ಹರಿವು. ಅದರ ಮುಖಕ್ಕೆ ಸೆಕೆಂಡಿಗೆ 1 ಲೀಟರ್ ನೀರು ಬಂತು, ದಿನಕ್ಕೆ 86,400 ಲೀಟರ್. ಲೀಟರಿಗೆ ಒಂದೇ ಒಂದು ಹುಳು ತೇಲುತ್ತಿದ್ದು, ನೂರರಲ್ಲಿ ಒಂದನ್ನು ಮಾತ್ರ ಹವಳ ಹಿಡಿದರೂ ದಿನಕ್ಕೆ ಎಂಟುನೂರು ತುತ್ತು. ನೀರು ಮಾತ್ರ ಕನ್ನಡಿಯ ಹಾಗೆ ತಿಳಿ. ಹವಳ ವಿಸರ್ಜಿಸಿದ್ದೂ ಅದೇ ಹರಿವಿನ ಜೊತೆ ಹೊರಟುಹೋಗುತ್ತದೆ. ಟ್ಯಾಂಕಿನಲ್ಲಿ ಅದೇ 200 ಲೀಟರ್ ಗಿರಕಿ ಹೊಡೆಯುತ್ತಿರುತ್ತದೆ. ಒಮ್ಮೆ ಹಿಡಿದ ತುತ್ತು ಎರಡನೇ ಸುತ್ತಿನಲ್ಲಿ ಇಲ್ಲ, ಹೊರಹಾಕಿದ ಹೇಲು ಪ್ರತಿ ಸುತ್ತಿನಲ್ಲೂ ಇದೆ.

ನಮ್ಮ ಟ್ಯಾಂಕಿನಲ್ಲಿ ಸೊರಗುವ ಈ ಸೂರ್ಯ ಹವಳವೇ ಬ್ರೆಜಿಲ್ ಕರಾವಳಿಯಲ್ಲಿ ಕಳೆಯಂತೆ ಹಬ್ಬಿದೆ. 1980ರ ದಶಕದ ಕೊನೆಯಲ್ಲಿ ಅಲ್ಲಿನ ತೈಲ ವೇದಿಕೆಗಳ ಮೇಲೆ ಕಾಣಿಸಿಕೊಂಡ ಪೆಸಿಫಿಕ್ ಮೂಲದ ಟ್ಯೂಬಾಸ್ಟ್ರಿಯಾ ಈಗ ಸ್ಥಳೀಯ ಜೀವಿಗಳನ್ನು ತಳ್ಳಿ ಬಂಡೆಗಳನ್ನು ಆವರಿಸುತ್ತಿದೆ. ಸಾಕಲು ಕಷ್ಟ ಎಂದರೆ ನಾಜೂಕಿನ ಪ್ರಾಣಿ ಎಂದು ಅರ್ಥವಲ್ಲ.

ಸೂರ್ಯ ಹವಳದಲ್ಲಿ ಒಂದು ಪುಣ್ಯವೆಂದರೆ ಅದು ದೊಡ್ಡ ತುತ್ತು ನುಂಗುತ್ತದೆ, ಎಣಿಸಿ ಕೊಡಬಹುದು. ಡೆಂಡ್ರೊನೆಫ್ಥಿಯಾ ಎಂಬ ಮೆದುಹವಳದ ವಿಷಯ ಬೇರೆ. ಗುಲಾಬಿ, ಕಡುಗೆಂಪು, ನೇರಳೆ. ಗಾಜಿನಂಥ ಕಾಂಡದೊಳಗೆ ಹುದುಗಿದ ಸುಣ್ಣದ ಸೂಜಿಗಳೂ ಕಾಣುತ್ತವೆ. ಇಷ್ಟು ಸುಂದರವಾದ ಪ್ರಾಣಿ ಕಡಿಮೆ, ಇಷ್ಟು ಖಾತ್ರಿಯಾಗಿ ಟ್ಯಾಂಕಿನಲ್ಲಿ ಸಾಯುವುದೂ ಕಡಿಮೆ. ಪುಟ್ಟ ಪ್ರಾಣಿಗಳೇ ಇದರ ಊಟವೆಂದುಕೊಂಡು ಸಾಕುವವರು ಆರ್ಟೀಮಿಯಾ ಮರಿ, ರೋಟಿಫರ್ ಎಲ್ಲ ಸುರಿದರು. ಅದು ವಾರವಾರಕ್ಕೂ ಕುಗ್ಗಿತು. 1995ರಲ್ಲಿ ಕ್ಯಾಥರೀನಾ ಫಾಬ್ರಿಷಿಯಸ್, ಯೆಹುದಾ ಬೆನಾಯಾಹು ಮತ್ತು ಅಮಾಟ್ಸಿಯಾ ಗೆನಿನ್ ಕೆಂಪು ಸಮುದ್ರದಲ್ಲಿ ಮಾಡಿದ ಅಧ್ಯಯನವನ್ನು ಪ್ರಕಟಿಸಿದಾಗ ಕಾರಣ ತಿಳಿಯಿತು. ಇದು ಮುಖ್ಯವಾಗಿ ತಿನ್ನುವುದು ಸಸ್ಯಪ್ಲಾಂಕ್ಟನ್, ಅಂದರೆ ತೇಲುವ ಸೂಕ್ಷ್ಮ ಪಾಚಿ. ಪಾಚಿಯನ್ನು ಮೈಯೊಳಗೆ ಸಾಕದೆ, ನೀರಿನಿಂದ ಹಿಡಿದು ತಿನ್ನುವ ಸಸ್ಯಾಹಾರಿ ಹವಳ! ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ತುತ್ತನ್ನು ಪಿಪೆಟ್‌ನಲ್ಲಿ ಎಣಿಸಿ ಕೊಡಲಾದೀತೆ? ದಿನರಾತ್ರಿ ನೀರಿನ ತುಂಬ ಅದು ತೇಲುತ್ತಿರಬೇಕು, ಹರಿವೂ ಬಿರುಸಾಗಿರಬೇಕು. ಹಟ ಹಿಡಿದವರು ಪಾಚಿಯ ದ್ರಾವಣವನ್ನು ಪುಟ್ಟ ಫ್ರಿಜ್ಜಿನಲ್ಲಿಟ್ಟು, ಡೋಸಿಂಗ್ ಪಂಪಿನಿಂದ ಹನಿಹನಿಯಾಗಿ ಬಿಡುತ್ತಾರೆ. ನಾನು ಆ ಸಾಹಸಕ್ಕೆ ಇಳಿದಿಲ್ಲ. ಅದನ್ನು ವರ್ಷಗಟ್ಟಲೆ ಉಳಿಸುವ ಗ್ಯಾರಂಟಿ ಇಲ್ಲದೆ ತರುವುದು ಹೂ ಕಿತ್ತು ಹೂದಾನಿಯಲ್ಲಿಟ್ಟ ಹಾಗೆ ಎಂದು ನನ್ನ ಅನಿಸಿಕೆ.

ಕೊಳೆ ತೆಗೆಯುವ ಉಪಾಯಗಳು ಹಲವಿವೆ. ಪ್ರೊಟೀನ್ ಸ್ಕಿಮ್ಮರ್ ನೊರೆಯೆಬ್ಬಿಸಿ ಕಲ್ಮಶವನ್ನು ನೊರೆಯೊಡನೆ ಹೊರಹಾಕುತ್ತದೆ, ಜೊತೆಗೆ ಒಂದಷ್ಟು ಊಟವನ್ನೂ. ಫಾಸ್ಫೇಟ್ ಹೀರಲು ಕಬ್ಬಿಣದ ಆಕ್ಸೈಡಿನ ಹರಳುಗಳಿವೆ. ನೀರಿಗೆ ಒಂದಿಷ್ಟು ವಿನೆಗರ್ ಇಲ್ಲವೇ ವೋಡ್ಕಾ ಹನಿಸುವವರೂ ಇದ್ದಾರೆ. ಅಮಲಿಗಲ್ಲ, ಆ ಇಂಗಾಲ ತಿಂದು ಬ್ಯಾಕ್ಟೀರಿಯಾ ಹೆಚ್ಚಲಿ, ಹೆಚ್ಚುತ್ತ ನೈಟ್ರೇಟ್, ಫಾಸ್ಫೇಟನ್ನು ಹೀರಲಿ ಎಂದು.

ನನ್ನ ಟ್ಯಾಂಕನ್ನು ಉಳಿಸಿದ್ದು ಇವೆಲ್ಲಕ್ಕಿಂತ ಹಳೆಯ ಉಪಾಯ. ಟ್ಯಾಂಕಿನ ಕೆಳಗಿರುವ ಎರಡನೇ ತೊಟ್ಟಿಯಲ್ಲಿ, ಅಂದರೆ ಸಂಪಿನಲ್ಲಿ, ಕೀಟೊಮಾರ್ಫಾ ಎಂಬ, ನೈಲಾನ್ ದಾರದ ಸಿಕ್ಕಿನಂತೆ ಕಾಣುವ ಹಸಿರು ಪಾಚಿ ಹಾಕಿದೆ. ಅದು ಬೆಳೆಯುತ್ತ ನೈಟ್ರೇಟ್ ಹೀರುತ್ತದೆ, ವಾರಕ್ಕೊಮ್ಮೆ ಒಂದು ಮುಷ್ಟಿ ಕಿತ್ತು ಎಸೆದರೆ ಅಷ್ಟು ಸಾರಜನಕ ಟ್ಯಾಂಕಿನಿಂದ ಹೊರಗೆ. ಆದರೆ ಪಾಚಿ ಬೆಳೆಯಲು ಬೆಳಕು ಬೇಕು. ಲೈಟೇ ಬೇಡದ ಹವಳಕ್ಕಾಗಿ ಕೊನೆಗೂ ಒಂದು ಜೋರಾದ ಲೈಟ್ ಕೊಂಡೆ. ಹಚ್ಚಿದ ಮೇಲೆ ಹೊಳೆಯಿತು: ಮೇಲೆ ಹವಳ, ಕೆಳಗೆ ಪಾಚಿ, ಇದರ ಕೊಳೆ ಅದಕ್ಕೆ ಗೊಬ್ಬರ. ಬಿಸಿಲುಣ್ಣುವ ಹವಳಗಳು ಒಂದು ಜೀವಕೋಶದೊಳಗೆ ಮುಗಿಸಿಕೊಂಡ ಏರ್ಪಾಟನ್ನೇ ನಾನು ಎರಡು ತೊಟ್ಟಿ, ಒಂದು ಪಂಪ್, ನಾಲ್ಕು ಮಾರು ಪೈಪಿನಲ್ಲಿ ಕಟ್ಟಿ ಕೂತಿದ್ದೆ. ಬಾಡಿಗೆಯ ಸಕ್ಕರೆಯೊಂದು ಮಾತ್ರ ಸಿಗುವುದಿಲ್ಲ, ಅದಕ್ಕೇ ಪಿಪೆಟ್.

ಒಂದು ವರ್ಷವಾದ ಮೇಲೆ ಟ್ಯಾಂಕಿನಿಂದ ಸಂಪಿಗೆ ನೀರು ಇಳಿಯುವ ಕಿಂಡಿಯನ್ನು ತೊಳೆಯಲು ಬ್ರಷ್ ತೂರಿಸಿದಾಗ, ಕಿಂಡಿಯ ಹಲ್ಲುಗಳ ಹಿಂದೆ ಬೇಳೆಯ ಗಾತ್ರದ ಕಿತ್ತಳೆ ಚುಕ್ಕೆಗಳು ಕಂಡವು. ಏಳಿದ್ದವು. ಸೂರ್ಯ ಹವಳ ಬಿಟ್ಟ ಮರಿಗಳು ತೇಲಿಹೋಗಿ ಅಲ್ಲಿ ಅಂಟಿಕೊಂಡಿದ್ದವು. ನಾನು ಅವಕ್ಕೆ ಒಂದು ತುತ್ತೂ ಕೊಟ್ಟಿರಲಿಲ್ಲ. ಟ್ಯಾಂಕಿನ ನೀರೆಲ್ಲ ಗಂಟೆಗೆ ಹಲವು ಸಲ ಆ ಎರಡು ಬೆರಳಗಲದ ಕಿಂಡಿಯಲ್ಲೇ ಹಾದುಹೋಗುತ್ತದೆ, ನಾನು ಚೆಲ್ಲಿದ ಊಟದ ಚೂರೆಲ್ಲ ಅದರ ಜೊತೆಗೆ. ಹಗಲು ಹನ್ನೊಂದು ಗಂಟೆ. ಏಳರಲ್ಲಿ ಐದು ಕೈ ಚಾಚಿ ಕೂತಿದ್ದವು. ಬ್ರಷ್ಷನ್ನು ಹಾಗೇ ಹೊರಗೆಳೆದೆ. ಆ ಕಿಂಡಿಯನ್ನು ಈಗ ಹತ್ತಿ ಸುತ್ತಿದ ಕಡ್ಡಿಯಿಂದ ಅವುಗಳ ಸುತ್ತ ಮಾತ್ರ ಒರೆಸುತ್ತೇನೆ.