ಕಿಣ್ವ ಬಿಟ್ಟ ಹುಳಿಯ ಜಾಡು: ಮರೆವಿನ ಕಾಯಿಲೆಯೂ ಎಲೆಕ್ಟ್ರಾನಿಕ್ ಸೆನ್ಸರೂ

ಸಿಂಧನೂರು, ಮಾನ್ವಿ ಕಡೆ ಹತ್ತಿಗೆ, ಭತ್ತಕ್ಕೆ ಎಣ್ಣೆ ಹೊಡೆಯುವ ದಿನಗಳಲ್ಲಿ ವಿಷ ಏರಿ ಆಸ್ಪತ್ರೆಗೆ ಬಂದವರನ್ನು ರಾಯಚೂರಿನ ವೈದ್ಯರು ನೋಡಿದ ಕೂಡಲೇ ಗುರುತಿಸುತ್ತಾರೆ. ಮೈಯೆಲ್ಲ ಬೆವರು, ಬಾಯಿತುಂಬ ಜೊಲ್ಲು, ತೀರಾ ಕಿರಿದಾದ ಕಣ್ಣಪಾಪೆ. ವಿಷಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಚುಚ್ಚುತ್ತಲೇ ರಕ್ತವನ್ನು ಕೋಲಿನೆಸ್ಟರೇಸ್ ಪರೀಕ್ಷೆಗೆ ಕಳಿಸುತ್ತಾರೆ. ಆರ್ಗನೋಫಾಸ್ಫೇಟ್ ಕೀಟನಾಶಕ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕಿರುತ್ತದೆ. ಸೋಜಿಗವೆಂದರೆ, ಅಲ್ಝೈಮರ್ ಎಂಬ ಮರೆವಿನ ಕಾಯಿಲೆ ಬಂದ ಅಜ್ಜಿಗೆ ರಾತ್ರಿ ಕೊಡುವ ಡೊನೆಪೆಜಿಲ್ ಮಾತ್ರೆಯ ಗುರಿಯೂ ಇದೇ ಕಿಣ್ವ. ವ್ಯತ್ಯಾಸ ಇಷ್ಟೇ: ಮಾತ್ರೆ ಅಳತೆಯಲ್ಲಿ ಹಿಡಿದು, ಮತ್ತೆ ಬಿಡುತ್ತದೆ, ವಿಷ ಬಿಡುವುದಿಲ್ಲ.

ನರದಿಂದ ನರಕ್ಕೆ ಸುದ್ದಿ ಒಯ್ಯುವ ಅಸಿಟೈಲ್‌ಕೋಲಿನ್ ಕೆಲಸ ಮುಗಿಸಿದೊಡನೆ ಈ ಕಿಣ್ವ ಅದನ್ನು ಒಡೆಯುತ್ತದೆ. ಆಗ ಉಳಿಯುವುದು ಕೋಲಿನ್ ಮತ್ತು ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ. ಮುಂದಿನ ಕಥೆಯೆಲ್ಲ ಈ ಹುಳಿಯ ಸುತ್ತಲೇ ಇದೆ. 1930ರ ದಶಕದಲ್ಲಿ ಜರ್ಮನಿಯ ಗೆರ್ಹಾರ್ಡ್ ಶ್ರೇಡರ್ ಕೀಟನಾಶಕ ಹುಡುಕುತ್ತಾ ಟಬುನ್ ಎಂಬ ನರವಿಷವನ್ನೇ ತಯಾರಿಸಿಬಿಟ್ಟರು. ಎರಡನೇ ಮಹಾಯುದ್ಧ ಮುಗಿದ ಮೇಲೆ, ಇಂಥ ವಿಷ ತಗುಲಿದವರ ರಕ್ತದಲ್ಲಿ ಕಿಣ್ವ ಎಷ್ಟು ಉಳಿದಿದೆಯೆಂದು ಅಳೆಯಬೇಕಾಯಿತು. 1949ರಲ್ಲಿ ಮೈಕೆಲ್ ಎಂಬ ವಿಜ್ಞಾನಿ ಸರಳ ದಾರಿ ತೋರಿಸಿದರು: ಗಾಜಿನ ಎಲೆಕ್ಟ್ರೋಡ್ ಇಟ್ಟು, ಪಿಎಚ್ ಎಷ್ಟು ಇಳಿಯಿತೆಂದು ನೋಡುವುದು (ಹುಳಿ ಹೆಚ್ಚಿದಷ್ಟೂ ಪಿಎಚ್ ಇಳಿಯುತ್ತದೆ). 1961ರಲ್ಲಿ ಬಂದ ಎಲ್‌ಮನ್ ವಿಧಾನ ಹುಳಿಯನ್ನು ಬಿಟ್ಟು, ಕಿಣ್ವ ಕೆಲಸ ಮಾಡಿದಷ್ಟೂ ಗಾಢವಾಗುವ ಹಳದಿ ಬಣ್ಣವನ್ನು ಹಿಡಿಯಿತು. ಪ್ರಯೋಗಾಲಯಗಳು ಅದನ್ನು ಇಂದಿಗೂ ಬಿಟ್ಟಿಲ್ಲ.

ಇಷ್ಟೆಲ್ಲ ನಡೆಯುವಾಗ ಮರೆವಿನ ಕಾಯಿಲೆಗೂ ಈ ಕಿಣ್ವಕ್ಕೂ ನಂಟಿದೆಯೆಂಬ ಯೋಚನೆ ಇನ್ನೂ ಬಲವಾಗಿರಲಿಲ್ಲ. ಈ ಕಾಯಿಲೆಗೆ ತನ್ನ ಹೆಸರು ಕೊಟ್ಟ ವೈದ್ಯ ಆಲೋಯಿಸ್ ಅಲ್ಝೈಮರ್ 1906ರಲ್ಲೇ ಮೃತ ರೋಗಿಯೊಬ್ಬರ ಮಿದುಳಿನಲ್ಲಿ ನಾರಿನ ಸಿಕ್ಕುಗಳನ್ನು ಕಂಡಿದ್ದರು. ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ಇಂಥ ಮಿದುಳಿನಲ್ಲಿ ತೀರಾ ಕುಗ್ಗಿರುತ್ತದೆಂದು ಬ್ರಿಟನ್ನಿನ ಸಂಶೋಧಕರು ತೋರಿಸಿದ್ದು 1976ರ ಹೊತ್ತಿಗೆ. ತಯಾರಿಕೆ ಕಡಿಮೆಯಾದರೆ ಒಡೆಯುವುದನ್ನಾದರೂ ತಡೆಯೋಣ ಎಂಬ ಲೆಕ್ಕದಲ್ಲಿ 1993ರಲ್ಲಿ ಟ್ಯಾಕ್ರಿನ್ ಎಂಬ ಔಷಧ ಬಂತು, ಯಕೃತ್ತಿಗೆ ತೊಂದರೆ ಕೊಟ್ಟು ಮರೆಯಾಯಿತು. 1996ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಡೊನೆಪೆಜಿಲ್ ಉಳಿದುಕೊಂಡಿತು. ಇವು ಲಕ್ಷಣಗಳನ್ನು ಒಂದಿಷ್ಟು ಕಾಲ ಹಗುರ ಮಾಡುತ್ತವೆಯೇ ಹೊರತು ಕಾಯಿಲೆಯ ಬೇರಿಗೆ ಹೋಗುವುದಿಲ್ಲ.

ಎಲೆಕ್ಟ್ರಾನಿಕ್ಸ್ ಬೇರೆಯೇ ದಾರಿಯಿಂದ ಬಂತು. 1962ರಲ್ಲಿ ಲೆಲೆಂಡ್ ಕ್ಲಾರ್ಕ್ ಎಲೆಕ್ಟ್ರೋಡಿನ ಮೇಲೆ ಕಿಣ್ವವನ್ನು ಕೂರಿಸಿ ಗ್ಲೂಕೋಸ್ ಅಳೆಯುವ ಯೋಚನೆ ಮುಂದಿಟ್ಟರು. ಇಂದು ಸಕ್ಕರೆ ಕಾಯಿಲೆಯವರ ಮನೆಯಲ್ಲಿರುವ ಗ್ಲೂಕೋಮೀಟರ್ ಅದರ ಸಂತಾನ. 1970ರಲ್ಲಿ ನೆದರ್ಲೆಂಡ್ಸ್‌ನ ಪೀಟ್ ಬರ್ಗ್‌ವೆಲ್ಡ್, ವಿದ್ಯುತ್ತಿನ ಹರಿವನ್ನು ಹಿಡಿತದಲ್ಲಿಡುವ ಪುಟ್ಟ ಸಾಧನವಾದ ಟ್ರಾನ್ಸಿಸ್ಟರನ್ನೇ ದ್ರವಕ್ಕೆ ಇಳಿಸಿದರು. ತುಂಗಭದ್ರಾ ಎಡದಂಡೆ ಕಾಲುವೆಯ ತೂಬನ್ನು ಒಂದಿಷ್ಟು ಎತ್ತಿದರೆ ಹೊಲದ ಹರಿವೇ ಬದಲಾಗುವಂತೆ, ಮೇಲ್ಮೈಗೆ ತಾಗಿದ, ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನುಗಳು ಒಳಗಿನ ವಿದ್ಯುತ್ತನ್ನು ಏರಿಳಿಸುತ್ತವೆ. ಹುಳಿ ಅಳೆಯಲು ಬಣ್ಣವೂ ಬೇಡ, ದೊಡ್ಡ ಗಾಜಿನ ಕಡ್ಡಿಯೂ ಬೇಡ.

ಇದರ ಬೆಲೆ ತಿಳಿಯಬೇಕಾದರೆ ಸಿಡಿಕೆ5 ಎಂಬ ಇನ್ನೊಂದು ಕಿಣ್ವವನ್ನು ನೋಡಬೇಕು. ಅಲ್ಝೈಮರ್ ಕಂಡ ಆ ಸಿಕ್ಕುಗಳು ಟೌ ಎಂಬ ಪ್ರೋಟೀನಿನವು. ಟೌಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳಲ್ಲಿ ಸಿಡಿಕೆ5 ಒಂದು. ಮಿತಿಯಲ್ಲಿದ್ದಾಗ ಅದು ನರಕೋಶಕ್ಕೆ ಬೇಕಾದದ್ದೇ, ಲಗಾಮು ತಪ್ಪಿದರೆ ಟೌ ಮೇಲೆ ಫಾಸ್ಫೇಟ್ ಮಿತಿಮೀರುತ್ತದೆ. ಅದರ ಕೆಲಸ ಅಳೆಯಲು ವಿಕಿರಣಶೀಲ ರಂಜಕ ಬಳಸುವುದು ರೂಢಿ, ಅದೊಂದು ರಗಳೆಯ ಕೆಲಸ. ಆದರೆ ಫಾಸ್ಫೇಟ್ ಅಂಟಿಸುವಾಗಲೂ ಹೈಡ್ರೋಜನ್ ಅಯಾನು ಹೊರಬೀಳುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ತಂಡ 2019ರಲ್ಲಿ ಪ್ರಕಟಿಸಿದ ಕೆಲಸದ ತಿರುಳು ಇದೇ: ಮಾಲಿಬ್ಡಿನಮ್ ಡೈಸಲ್ಫೈಡ್ ಎಂಬ ವಸ್ತುವಿನ ತೆಳು ಪದರದಿಂದ ಮಾಡಿದ ಟ್ರಾನ್ಸಿಸ್ಟರ್, ಸಿಡಿಕೆ5 ಬಿಟ್ಟ ಆ ಅತ್ಯಲ್ಪ ಹುಳಿಯನ್ನೂ ಹಿಡಿಯಿತು. ಕಿಣ್ವವನ್ನು ಹದ್ದಿನಲ್ಲಿಡಬಲ್ಲ ಪೆಪ್ಟೈಡ್ (ಪ್ರೋಟೀನಿನ ಚಿಕ್ಕ ತುಣುಕು) ಔಷಧ ಎಷ್ಟು ಕೆಲಸ ಮಾಡುತ್ತದೆಂದು ನೋಡುವುದಕ್ಕೂ ಇದು ಬರುತ್ತದೆ.

ಇಂಥ ಸುದ್ದಿ ಬಂದಾಗಲೆಲ್ಲ ‘ಅಲ್ಝೈಮರ್ ಪತ್ತೆಗೆ ಚಿಪ್’ ಎಂಬ ತಲೆಬರಹ ಕಾಣುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಈ ಸೆನ್ಸರು ರೋಗಿಯನ್ನು ಪರೀಕ್ಷಿಸುವುದಲ್ಲ, ಔಷಧ ಹುಡುಕುವವರ ಮೇಜಿನ ಮೇಲಿನ ಉಪಕರಣ. ಬಳ್ಳಾರಿ, ರಾಯಚೂರಿನ ಆಸ್ಪತ್ರೆಗೆ ‘ಅರವತ್ತಕ್ಕೆ ಅರಳುಮರಳು’ ಎಂದು ಸುಮ್ಮನಾಗದೆ ಮಕ್ಕಳು ಕರೆತಂದ ಹಿರಿಯರಿಗೆ ವೈದ್ಯರು ಕೇಳುವುದು ಇವತ್ತು ಯಾವ ವಾರ, ಮೊಮ್ಮಗನ ಹೆಸರೇನು ಎಂದೇ. ಆಮೇಲೆ ಮಿದುಳಿನ ಸ್ಕ್ಯಾನ್, ಥೈರಾಯ್ಡ್, ಬಿ12 ಪರೀಕ್ಷೆ. ಮರೆವಿಗೆ ಕಾರಣ ಬಿ12 ಕೊರತೆಯಾಗಿದ್ದರೆ ಬೇಗ ಶುರು ಮಾಡಿದ ಇಂಜೆಕ್ಷನ್‌ನಲ್ಲೇ ಸುಧಾರಿಸಬಹುದು.