ಟಾರ್ಚ್ ಕೊಳ್ಳುವ ಮೊದಲು ಸೆಲ್ ನೋಡಿ

ಹಳಬರ ಮಾತಿನಲ್ಲಿ ಟಾರ್ಚಿಗೆ ‘ಬ್ಯಾಟರಿ’ ಅಂತಲೇ ಹೆಸರು. ‘ಕರೆಂಟ್ ಹೋಯ್ತು, ಬ್ಯಾಟರಿ ತಗೊಂಡು ಬಾ’ ಅಂದರೆ ತರಬೇಕಾದದ್ದು ಟಾರ್ಚ್. ಚಿಕ್ಕಂದಿನಲ್ಲಿ ನನಗೆ ಇದು ತಪ್ಪು ಅನ್ನಿಸುತ್ತಿತ್ತು. ಬ್ಯಾಟರಿ ಇರುವುದು ಒಳಗೆ, ಅದರ ಹೆಸರು ಇಡೀ ಟಾರ್ಚಿಗೆ ಯಾಕೆ ಅಂತ. ಎಷ್ಟೋ ಟಾರ್ಚುಗಳನ್ನು ಕೊಂಡು, ಬಿಚ್ಚಿ, ಜೋಡಿಸಿ ನೋಡಿದ ಮೇಲೆ ಆ ಹೆಸರೇ ಸರಿ ಅನ್ನಿಸಿದೆ. ಕಡಿಮೆ ಬೆಲೆಯ ಎಲ್‌ಇಡಿ ಟಾರ್ಚ್ ಎಷ್ಟು ಬೆಳಗುತ್ತದೆ, ಎಷ್ಟು ಹೊತ್ತು ಬೆಳಗುತ್ತದೆ ಎಂಬುದರ ಮುಕ್ಕಾಲು ಪಾಲು ತೀರ್ಮಾನವಾಗುವುದು ಒಳಗಿನ ಸೆಲ್‌ನಿಂದಲೇ.

ಕೊಳ್ಳುವಾಗ ಮಾತ್ರ ನಾವು ಸೆಲ್ ಕಡೆ ನೋಡುವುದಿಲ್ಲ. ಕಣ್ಣು ಹೋಗುವುದು ಡಬ್ಬದ ಮೇಲಿನ ದೊಡ್ಡ ಅಂಕಿಗೆ. 1000 ಲ್ಯೂಮೆನ್, 2000 ಲ್ಯೂಮೆನ್. ಲ್ಯೂಮೆನ್ ಅಂದರೆ ಟಾರ್ಚಿನಿಂದ ಹೊರಗೆ ಬರುವ ಒಟ್ಟು ಬೆಳಕಿನ ಅಳತೆ. ಎರಡು ದಪ್ಪ ಸೆಲ್ ಹಾಕುತ್ತಿದ್ದ ಹಳೆಯ ತಂತಿ ಬಲ್ಬಿನ ಟಾರ್ಚ್ ಕೊಡುತ್ತಿದ್ದದ್ದು ಹತ್ತಿಪ್ಪತ್ತು ಲ್ಯೂಮೆನ್ ಅಷ್ಟೇ. ಅದನ್ನು ಹಿಡಿದೇ ಜನ ಕತ್ತಲಲ್ಲಿ ಮೈಲಿಗಟ್ಟಲೆ ನಡೆದಿದ್ದಾರೆ.

ಆ ದೊಡ್ಡ ಅಂಕಿ ನಿಜವೋ ಸುಳ್ಳೋ ತಿಳಿಯಲು ಯಾವ ಯಂತ್ರವೂ ಬೇಡ, ಒಂದು ಸಣ್ಣ ಲೆಕ್ಕ ಸಾಕು. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ತೆಗೆದುಕೊಳ್ಳಿ. ಒಳ್ಳೆಯ ಅಲ್ಕಲೈನ್ ಸೆಲ್ ಆದರೆ, ನಿಧಾನಕ್ಕೆ ಬಳಸಿದಾಗ ಅದರಿಂದ ಸಿಗುವುದು ಸುಮಾರು 3 ವ್ಯಾಟ್-ಅವರ್ ಶಕ್ತಿ. ಅಂದರೆ 1 ವ್ಯಾಟ್‌ನಂತೆ ಸುಮಾರು ಮೂರು ಗಂಟೆ. ಒಂದು ಒಳ್ಳೆಯ ಟಾರ್ಚ್ ಪ್ರತಿ ವ್ಯಾಟಿಗೆ ಹೆಚ್ಚುಕಮ್ಮಿ 100 ಲ್ಯೂಮೆನ್ ಕೊಡುತ್ತದೆ ಅಂದುಕೊಳ್ಳೋಣ. ಹಾಗಾದರೆ ಒಂದು ಎಎ ಸೆಲ್‌ನ ಇಡೀ ಆಯಸ್ಸಿನ ಬೆಳಕು 100 ಲ್ಯೂಮೆನ್‌ನಂತೆ ಮೂರು ಗಂಟೆ. ಅಥವಾ 30 ಲ್ಯೂಮೆನ್‌ನಂತೆ ಹತ್ತು ಗಂಟೆ. ಅಥವಾ 10 ಲ್ಯೂಮೆನ್‌ನಂತೆ ಒಂದು ದಿನಕ್ಕೂ ಜಾಸ್ತಿ. ಹಂಚಿಕೊಳ್ಳುವುದು ನಿಮಗೆ ಬಿಟ್ಟದ್ದು, ಒಟ್ಟು ಮೊತ್ತ ಮಾತ್ರ ಬದಲಾಗುವುದಿಲ್ಲ.

ಈಗ 1000 ಲ್ಯೂಮೆನ್ ಎನ್ನುವ ಒಂಟಿ ಸೆಲ್ ಟಾರ್ಚನ್ನು ಈ ಲೆಕ್ಕಕ್ಕೆ ಹಚ್ಚಿ. 10 ವ್ಯಾಟ್ ಬೇಕು. ಒಂದೂವರೆ ವೋಲ್ಟಿನ ಸೆಲ್‌ನಿಂದ 10 ವ್ಯಾಟ್ ತೆಗೆಯಬೇಕಾದರೆ ಆರು ಆಂಪಿಯರಿಗೂ ಮೀರಿ ಕರೆಂಟ್ ಹರಿಯಬೇಕು. ಅಲ್ಕಲೈನ್ ಎಎ ಸೆಲ್ ಒಂದು ಆಂಪಿಯರ್ ಕೇಳಿದರೇ ಏದುಸಿರು ಬಿಡುತ್ತದೆ. ಅದರ ಒಳಗಿನ ಪ್ರತಿರೋಧವೇ ಅಷ್ಟು. ಜೋರಾಗಿ ಎಳೆದಷ್ಟೂ ವೋಲ್ಟೇಜ್ ಕುಸಿಯುತ್ತದೆ, ಶಕ್ತಿ ಸೆಲ್ ಒಳಗೇ ಬಿಸಿಯಾಗಿ ಪೋಲಾಗುತ್ತದೆ. ಡಬ್ಬದ ಮೇಲಿನ ಅಂಕಿ ಸುಳ್ಳು ಅಂತ ಅಲ್ಲಿಗೆ ತಿಳಿಯಿತು, ಅಲ್ವಾ?

ಸುಳ್ಳು ಹೇಳದ ಕಂಪನಿಗಳ ಅಂಕಿಯನ್ನೂ ಸ್ವಲ್ಪ ಬಿಡಿಸಿ ಓದಬೇಕು. ಟಾರ್ಚುಗಳಿಗಾಗಿ ಎಎನ್‌ಎಸ್‌ಐ ಎಫ್‌ಎಲ್1 ಎಂಬ ಮಾನದಂಡ 2009ರಲ್ಲಿ ಬಂತು. ಅದರ ಪ್ರಕಾರ ಬೆಳಕನ್ನು ಅಳೆಯುವುದು ಸ್ವಿಚ್ ಒತ್ತಿದ ಮೇಲೆ 30 ಸೆಕೆಂಡಿನಿಂದ 2 ನಿಮಿಷದ ಒಳಗೆ. ಆದರೆ ‘ಇಷ್ಟು ಗಂಟೆ ಉರಿಯುತ್ತದೆ’ ಎನ್ನುವ ಲೆಕ್ಕ ನಿಲ್ಲುವುದು ಬೆಳಕು ಮೊದಲಿನ ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ. ‘200 ಲ್ಯೂಮೆನ್, 6 ಗಂಟೆ’ ಅಂತ ಬರೆದಿದ್ದರೆ ಆರು ಗಂಟೆಯೂ 200 ಲ್ಯೂಮೆನ್ ಸಿಗುತ್ತದೆ ಅಂತ ಅರ್ಥವಲ್ಲ. ಮೂರು ನಿಮಿಷ 200, ಆಮೇಲೆ 50, ಕೊನೆಯಲ್ಲಿ 20 ಆಗಿರಬಹುದು. ಬೆಳಕು ಹೊತ್ತಿನ ಜೊತೆ ಹೇಗೆ ಇಳಿಯುತ್ತದೆ ಎಂಬ ಗೆರೆಚಿತ್ರವನ್ನು ಕೆಲವರು ಡಬ್ಬದ ಜೊತೆ ಕೊಡುತ್ತಾರೆ. ಅಂಥವರ ಟಾರ್ಚಿನ ಮೇಲೆ ನನಗೆ ನಂಬಿಕೆ ಜಾಸ್ತಿ.

ಇನ್ನು ಎಷ್ಟು ಸೆಲ್, ಯಾವ ಸೆಲ್ ಎಂಬ ಪ್ರಶ್ನೆ. ಅಗ್ಗದ ಟಾರ್ಚುಗಳಲ್ಲಿ ಬಹಳಷ್ಟಕ್ಕೆ ರಿಮೋಟಿಗೆ ಹಾಕುವ ಸಣ್ಣ ಎಎಎ ಸೆಲ್ ಮೂರು ಬೇಕು. ಯಾಕೆ ಮೂರು? ಇದರ ಉತ್ತರ ಎಲ್‌ಇಡಿಯ ಹುಟ್ಟಿನಲ್ಲೇ ಇದೆ. ಆರಿಸಿದ ಟಾರ್ಚಿನ ಗಾಜಿನೊಳಗೆ ಇಣುಕಿ ನೋಡಿ. ನಡುವೆ ಅರಿಶಿನದ ಬೊಟ್ಟಿನಂಥ ಹಳದಿ ಚೌಕ ಕಾಣುತ್ತದೆ. ಅದು ಫಾಸ್ಫರ್ ಎಂಬ ಲೇಪ. ಅದರ ಕೆಳಗಿರುವ ಎಲ್‌ಇಡಿ ಉಗುಳುವುದು ನೀಲಿ ಬೆಳಕನ್ನು. ಆ ನೀಲಿಯಲ್ಲಿ ಒಂದು ಪಾಲನ್ನು ಲೇಪ ಹೀರಿ ಹಳದಿಯಾಗಿ ಹೊರಬಿಡುತ್ತದೆ. ಉಳಿದ ನೀಲಿ, ಹೊಸ ಹಳದಿ ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಹೊಳಪಾದ ನೀಲಿ ಎಲ್‌ಇಡಿ ಮಾಡಲು ವಿಜ್ಞಾನಿಗಳು ದಶಕಗಳ ಕಾಲ ಹೆಣಗಿದರು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಷಿ ಅಮಾನೊ, ಶುಜಿ ನಕಮುರಾ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಕೈಯಲ್ಲಿರುವ ಪುಟ್ಟ ಟಾರ್ಚಿನಲ್ಲೂ ಅದೇ ಕೆಲಸ ನಡೆಯುತ್ತಿದೆ ಅಂದುಕೊಂಡಾಗೆಲ್ಲ ನನಗೆ ಖುಷಿಯಾಗುತ್ತದೆ.

ನೀಲಿ ಬೆಳಕಿನ ಕಣಕ್ಕೆ ಶಕ್ತಿ ಜಾಸ್ತಿ. ಕೆಂಪು ಎಲ್‌ಇಡಿಗೆ ಎರಡು ವೋಲ್ಟ್ ಸಾಕು, ನೀಲಿಗೆ ಸುಮಾರು ಮೂರು ವೋಲ್ಟ್ ಬೇಕೇ ಬೇಕು. ಅದಕ್ಕಿಂತ ಕಡಿಮೆ ಕೊಟ್ಟರೆ ಏರಿಯ ಕೆಳಗೇ ನಿಂತ ನೀರಿನ ಹಾಗೆ, ಆಚೆ ದಾಟುವುದೇ ಇಲ್ಲ. ಒಂದೂವರೆ ವೋಲ್ಟಿನ ಸೆಲ್ ಮೂರನ್ನು ಸಾಲಾಗಿಟ್ಟರೆ ನಾಲ್ಕೂವರೆ ವೋಲ್ಟ್. ಏರಿ ದಾಟಿತು. ನಡುವೆ ಒಂದು ರೆಸಿಸ್ಟರ್ ಇಟ್ಟರೆ ಟಾರ್ಚ್ ತಯಾರು, ಬೇರೆ ಸರ್ಕ್ಯೂಟಿನ ಖರ್ಚೇ ಇಲ್ಲ. ಮೂರು ಸೆಲ್ ಟಾರ್ಚ್ ಅಗ್ಗವಾಗಿ ಸಿಗುವುದು ಇದರಿಂದ. ತೊಂದರೆ ಏನೆಂದರೆ, ಸೆಲ್ ಸೊರಗಿದ ಹಾಗೆ ಬೆಳಕೂ ಸೊರಗುತ್ತಾ ಹೋಗುತ್ತದೆ. ಹೊಸ ಸೆಲ್ ಹಾಕಿದ ಮೊದಲ ರಾತ್ರಿ ಕಣ್ಣು ಕೋರೈಸಿದ್ದು ನಾಲ್ಕನೇ ರಾತ್ರಿ ಮಿಣುಕು ದೀಪ. ಜೊತೆಗೆ ಎಎಎ ಸೆಲ್‌ನಲ್ಲಿ ಇರುವ ಶಕ್ತಿ ಎಎಯ ಅರ್ಧಕ್ಕೂ ಕಡಿಮೆ. ಮೂರು ಎಎಎ ಸೇರಿದರೂ ಎರಡು ಎಎಗೆ ಸಮ ಆಗುವುದಿಲ್ಲ.

ನನ್ನನ್ನು ಕೇಳಿದರೆ ಒಂದು ಅಥವಾ ಎರಡು ಎಎ ಸೆಲ್ ಹಾಕುವ ಟಾರ್ಚನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಒಂದೇ ಎಎ ಸೆಲ್‌ನಿಂದ ಬಿಳಿ ಎಲ್‌ಇಡಿ ಬೆಳಗಬೇಕಾದರೆ ವೋಲ್ಟೇಜನ್ನು ಮೇಲೆತ್ತುವ ಬೂಸ್ಟ್ ಸರ್ಕ್ಯೂಟ್ ಇರಲೇಬೇಕು. ಅದು ಚೆನ್ನಾಗಿದ್ದರೆ ಸೆಲ್ ಇಳಿದ ಹಾಗೆಲ್ಲ ಜಾಸ್ತಿ ಕರೆಂಟ್ ಎಳೆದು ಬೆಳಕನ್ನು ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಇದನ್ನು ಪರೀಕ್ಷಿಸುವುದು ಸುಲಭ. ಹೊಸ ಸೆಲ್ ಹಾಕಿ ಗೋಡೆಗೆ ಬೆಳಕು ಬಿಡಿ. ಆಮೇಲೆ ಅರ್ಧ ಬಳಸಿದ ಸೆಲ್ ಹಾಕಿ ನೋಡಿ. ಎರಡೂ ಒಂದೇ ಥರ ಕಂಡರೆ ಸರ್ಕ್ಯೂಟ್ ಕೆಲಸ ಮಾಡುತ್ತಿದೆ.

ಇಂಥ ಟಾರ್ಚಿಗೆ ಹೇಳಿಮಾಡಿಸಿದ್ದು ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕೆಲ್ ಮೆಟಲ್ ಹೈಡ್ರೈಡ್ ಸೆಲ್. ಅದರ ಮೇಲೆ 1.2 ವೋಲ್ಟ್ ಅಂತ ಬರೆದಿರುವುದನ್ನು ನೋಡಿ ‘ಕಮ್ಮಿ ಆಯ್ತಲ್ಲ’ ಅಂತ ಹಿಂಜರಿಯುವವರಿದ್ದಾರೆ. ಅಲ್ಕಲೈನ್ ಸೆಲ್ 1.5ರಿಂದ ಹೊರಟು ಬೇಗನೇ 1.2ಕ್ಕೆ ಇಳಿದು, ಇನ್ನೂ ಕೆಳಗೆ ಜಾರುತ್ತದೆ. ಈ ನಿಕೆಲ್ ಸೆಲ್ ಹೆಚ್ಚುಕಡಿಮೆ ಕೊನೆಯವರೆಗೂ 1.2ರಲ್ಲೇ ನಿಲ್ಲುತ್ತದೆ. ಒಳಗಿನ ಪ್ರತಿರೋಧ ಕಡಿಮೆ ಇರುವುದರಿಂದ ಜೋರಾಗಿ ಎಳೆದರೂ ಏದುಸಿರಿಲ್ಲ. ಮೊದಲಿನ ಸೆಲ್‌ಗಳಿಗೆ ಸುಮ್ನೆ ಇಟ್ಟರೂ ಕೆಲವೇ ತಿಂಗಳಲ್ಲಿ ಚಾರ್ಜ್ ಸೋರಿಹೋಗುವ ಚಾಳಿ ಇತ್ತು. 2005ರಲ್ಲಿ ಸ್ಯಾನ್ಯೊ ಕಂಪನಿ ಎನೆಲೂಪ್ ತಂದ ಮೇಲೆ ಅದಕ್ಕೂ ದಾರಿಯಾಯಿತು. ಈಗ ಅಂಥ ಸೆಲ್‌ಗಳನ್ನು ಬೇರೆಯವರೂ ಮಾಡುತ್ತಾರೆ. ವರ್ಷ ಕಳೆದರೂ ಹೆಚ್ಚಿನ ಪಾಲು ಚಾರ್ಜ್ ಉಳಿದಿರುತ್ತದೆ.

ಅಲ್ಕಲೈನ್ ಸೆಲ್ ಬಗ್ಗೆ ನನಗೆ ಇನ್ನೊಂದು ನೋವೂ ಇದೆ. ಬಹಳ ಇಷ್ಟಪಟ್ಟು ಕೊಂಡಿದ್ದ ಟಾರ್ಚೊಂದನ್ನು ಅರ್ಧ ಬಳಸಿದ ಸೆಲ್ ಸಮೇತ ಡ್ರಾಯರಿನಲ್ಲಿ ಇಟ್ಟು ಮರೆತಿದ್ದೆ. ಸುಮಾರು ಒಂದು ವರ್ಷದ ಮೇಲೆ ತೆಗೆದರೆ ಬಾಲದ ಮುಚ್ಚಳ ತಿರುಗುತ್ತಿಲ್ಲ. ಬಟ್ಟೆ ಸುತ್ತಿ ಬಲವಾಗಿ ತಿರುಚಿದಾಗ ಕರಕರ ಸದ್ದು. ಒಳಗೆಲ್ಲ ಉಪ್ಪು ಕಟ್ಟಿದಂಥ ಬಿಳಿ ಹಕ್ಕಳೆ, ಹಸಿರುಗಟ್ಟಿದ ಸ್ಪ್ರಿಂಗ್. ಸೆಲ್ ಉಬ್ಬಿ ಕೊಳವೆಗೆ ಕಚ್ಚಿಕೊಂಡಿತ್ತು. ಈ ಸೆಲ್‌ಗಳ ಒಳಗೆ ಇರುವುದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ಕಟುವಾದ ಕ್ಷಾರ. ಸೆಲ್ ಹಳತಾದಂತೆ ಒಳಗೆ ಹೈಡ್ರೋಜನ್ ಅನಿಲ ಕೂಡುತ್ತದೆ, ಒತ್ತಡ ಏರಿ ಅಂಚಿನ ಸೀಲ್ ಬಿಡುತ್ತದೆ, ಕ್ಷಾರ ಜಿನುಗುತ್ತದೆ. ಹೊರಗೆ ಬಂದದ್ದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಜೊತೆ ಸೇರಿ ಆ ಬಿಳಿ ಹಕ್ಕಳೆ ಆಗುತ್ತದೆ. ಸೋರಿಕೆ ಸ್ವಲ್ಪವೇ ಆಗಿದ್ದರೆ ಹತ್ತಿಗೆ ವಿನೆಗರ್ ಅಥವಾ ನಿಂಬೆರಸ ಅದ್ದಿ ಒರೆಸಿದರೆ ಹೋಗುತ್ತದೆ. ಬರಿಗೈಲಿ ಮುಟ್ಟಬೇಡಿ, ಕಣ್ಣಿಗಂತೂ ತಾಗಿಸಲೇಬೇಡಿ. ನನ್ನ ಟಾರ್ಚ್ ಮಾತ್ರ ಉಳಿಯಲಿಲ್ಲ.

ಹಾಗಾಗಿ ಅಪರೂಪಕ್ಕೆ ಬಳಸುವ ಟಾರ್ಚಿನಿಂದ ಅಲ್ಕಲೈನ್ ಸೆಲ್ ತೆಗೆದು ಪಕ್ಕದಲ್ಲಿಡಿ. ಹೊಸದು ಹಳೆಯದು ಎಂದೂ ಬೆರೆಸಬೇಡಿ. ಮೊದಲು ಬರಿದಾದ ಸೆಲ್‌ ಮೂಲಕ ಉಳಿದವು ಕರೆಂಟ್ ನೂಕುತ್ತಲೇ ಇರುತ್ತವೆ, ಅದು ಸೋರುವುದೂ ಬೇಗ. ಆಪತ್ತಿಗೆಂದೇ ವರ್ಷಗಟ್ಟಲೆ ಎತ್ತಿಡುವ ಟಾರ್ಚಿಗೆ 1.5 ವೋಲ್ಟಿನ ಲಿಥಿಯಂ ಎಎ ಸೆಲ್ ಒಳ್ಳೆಯದು. ಬೆಲೆ ಜಾಸ್ತಿ, ಚಾರ್ಜ್ ಮಾಡುವಂತಿಲ್ಲ. ಆದರೆ ಸೋರುವುದು ತೀರಾ ಅಪರೂಪ, ಕೊರೆಯುವ ಚಳಿಯಲ್ಲೂ ಕೆಲಸ ಮಾಡುತ್ತದೆ, ತೂಕ 15 ಗ್ರಾಂ ಅಷ್ಟೇ. ಅಲ್ಕಲೈನ್ 23 ಗ್ರಾಂ ತೂಗುತ್ತದೆ. ‘ಹೆವಿ ಡ್ಯೂಟಿ’ ಅಂತ ಬರೆದ ಅಗ್ಗದ ಸೆಲ್ ಕಂಡರೆ ಮೋಸಹೋಗಬೇಡಿ. ಅದು ಹಳೆಯ ಸತು-ಇಂಗಾಲದ ಕುಟುಂಬದ್ದು, ಎಲ್ಲಕ್ಕಿಂತ ದುರ್ಬಲ. ಮತ್ತೆ 14500 ಎಂಬ ಸೆಲ್ ನೋಡಲು ಥೇಟ್ ಎಎ ಥರವೇ ಇದ್ದರೂ 3.7 ವೋಲ್ಟಿನ ಲಿಥಿಯಂ ಅಯಾನ್. ಟಾರ್ಚಿನ ಮೇಲೆ ಅದನ್ನು ಹಾಕಬಹುದು ಅಂತ ಬರೆದಿರದಿದ್ದರೆ ಹಾಕಲೇಬೇಡಿ, ಸರ್ಕ್ಯೂಟ್ ಸುಟ್ಟುಹೋದೀತು.

ಸೆಲ್ ಇತ್ಯರ್ಥವಾದ ಮೇಲೆ ಉಳಿದದ್ದು ಬೇಗ ಮುಗಿಯುತ್ತದೆ. ಬೆಳಕು ಎರಡರಷ್ಟಾದರೆ ಕಣ್ಣಿಗೆ ಎರಡರಷ್ಟು ಕಾಣುವುದಿಲ್ಲ, ‘ಸ್ವಲ್ಪ ಜಾಸ್ತಿ’ ಅನ್ನಿಸುತ್ತದೆ ಅಷ್ಟೇ. 150 ಮತ್ತು 200 ಲ್ಯೂಮೆನ್ ನಡುವೆ ಆಯ್ಕೆ ಮಾಡುತ್ತಾ ತಲೆ ಕೆಡಿಸಿಕೊಳ್ಳುವುದು ಬೇಡ. ಮನೆಯೊಳಗೆ, ಹತ್ತಿರದ ಕೆಲಸಕ್ಕೆ ಅಗಲವಾಗಿ ಹರಡುವ ಬೆಳಕು ಬೇಕು. ನೂರು ಮೀಟರ್ ದೂರ ಹೋಗುತ್ತದೆ ಎನ್ನುವ ಅಂಕಿಯ ಅರ್ಥ, ಆ ದೂರದಲ್ಲಿ ಹುಣ್ಣಿಮೆ ಬೆಳದಿಂಗಳಿನಷ್ಟು ಬೆಳಕು ಬೀಳುತ್ತದೆ ಅಂತ ಮಾತ್ರ. ಬಣ್ಣದಲ್ಲಿ 4000ದಿಂದ 5000 ಕೆಲ್ವಿನ್ ಇದ್ದರೆ ಕಣ್ಣಿಗೆ ಹಿತ. 6500ರ ನೀಲಿಬಿಳಿಯಲ್ಲಿ ಕಂದು ವೈರ್ ಯಾವುದು, ಕೆಂಪು ಯಾವುದು ಅಂತ ಗುರುತಿಸಲು ಒದ್ದಾಡಬೇಕಾಗುತ್ತದೆ. ನೀರನ್ನು ಎಷ್ಟು ತಡೆಯುತ್ತದೆ ಎಂದು ಹೇಳುವ ಗುರುತು ಐಪಿಎಕ್ಸ್; ಮಳೆಗೆ ಐಪಿಎಕ್ಸ್4 ಸಾಕು, ನೀರಿಗೆ ಬೀಳುವ ಭಯವಿದ್ದರೆ ಐಪಿಎಕ್ಸ್7 ನೋಡಿ.

ಒಂದನ್ನು ಮಾತ್ರ ಬಿಟ್ಟುಕೊಡಬೇಡಿ. ಟಾರ್ಚಿನಲ್ಲಿ ತೀರಾ ಮಂದ ಬೆಳಕಿನ ಮಟ್ಟವೊಂದು ಇರಲಿ, ಒಂದೆರಡು ಲ್ಯೂಮೆನ್‌ನದು. ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ನಡುರಾತ್ರಿ ನೀರು ಕುಡಿಯಲು ಎದ್ದಾಗ 100 ಲ್ಯೂಮೆನ್ ಹೊಡೆದರೆ ಅದೆಲ್ಲ ಕ್ಷಣದಲ್ಲಿ ಹಾಳು. ಮಂದ ಬೆಳಕಿನಲ್ಲಿ ದಾರಿ ಕಾಣುತ್ತದೆ, ಪಕ್ಕದಲ್ಲಿ ಮಲಗಿದವರು ಏಳುವುದಿಲ್ಲ, ಒಂದೇ ಸೆಲ್ ದಿನಗಟ್ಟಲೆ ಬರುತ್ತದೆ. ಈ ಮಟ್ಟದಲ್ಲಿ ಕೆಲವು ಟಾರ್ಚುಗಳು ಎಲ್‌ಇಡಿಯನ್ನು ಪಟಪಟನೆ ಆರಿಸಿ ಹೊತ್ತಿಸಿ ಮೋಸ ಮಾಡುತ್ತವೆ. ನಲ್ಲಿಯನ್ನು ಸಣ್ಣಗೆ ಬಿಟ್ಟು ಆ ಬೆಳಕಿನಲ್ಲಿ ನೋಡಿ. ಎಳೆಯಾಗಿ ಹರಿಯಬೇಕಾದ ನೀರು ಬಿಡಿಬಿಡಿ ಹನಿಯಾಗಿ ಕಂಡರೆ ಬೆಳಕು ಮಿಟುಕುತ್ತಿದೆ. ಹೆಚ್ಚು ಹೊತ್ತು ಓದಿದರೆ ಕೆಲವರಿಗೆ ತಲೆನೋವು ಬರುತ್ತದೆ.

ಡ್ರಾಯರಿನಲ್ಲಿ ಬೆರೆತುಹೋದ ಅಲ್ಕಲೈನ್ ಸೆಲ್‌ಗಳಲ್ಲಿ ಹೊಸದು ಯಾವುದು ಅಂತ ಗೊತ್ತಾಗದಿದ್ದರೆ, ಗಟ್ಟಿ ನೆಲದ ಮೇಲೆ ಎರಡಂಗುಲ ಎತ್ತರದಿಂದ ನೆಟ್ಟಗೆ, ಚಪ್ಪಟೆ ತುದಿ ಕೆಳಗಾಗಿ ಬೀಳಿಸಿ. ಹೊಸದು ದೊಪ್ಪನೆ ಬಿದ್ದು ನಿಲ್ಲುತ್ತದೆ, ಬಳಸಿದ್ದು ಟಣ್ ಅಂತ ಪುಟಿಯುತ್ತದೆ. ಒಳಗೆ ಹಿಟ್ಟಿನಂತೆ ಮೆತ್ತಗಿದ್ದ ಸತು, ಬಳಸಿದ ಹಾಗೆ ಸತುವಿನ ಆಕ್ಸೈಡ್ ಆಗಿ ಬೆಸೆದು ಸ್ಪ್ರಿಂಗಿನ ಗುಣ ಪಡೆಯುತ್ತದೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಇದನ್ನು ಅಳೆದು ನೋಡಿದರು. ಸೆಲ್ ಅರ್ಧ ಖಾಲಿಯಾಗುವ ಹೊತ್ತಿಗೇ ಪುಟಿತ ತನ್ನ ಮೇಲಿನ ಮಟ್ಟ ಮುಟ್ಟಿರುತ್ತದೆ. ಅಂದರೆ ಪುಟಿದ ಸೆಲ್ ಸತ್ತಿದೆ ಅಂತಲ್ಲ, ಹೊಸದಲ್ಲ ಅಂತ ಅಷ್ಟೇ. ದೊಪ್ಪನೆ ಬಿದ್ದದ್ದನ್ನು ಟಾರ್ಚಿಗೆ ಹಾಕಿ. ಪುಟಿದದ್ದನ್ನು ಗೋಡೆ ಗಡಿಯಾರಕ್ಕೆ ಕೊಡಿ, ಅಲ್ಲಿ ಅದಕ್ಕೆ ಇನ್ನೂ ತಿಂಗಳುಗಟ್ಟಲೆ ಕೆಲಸವಿದೆ.