ಬರೀ ಕಂದು ಬಣ್ಣದ ರಾಟವಾಳ ಹೆಣ್ಣಲ್ಲ

ಪ್ರಶ್ನೆ: ಮುನಿಯಾ ಎಂದೂ ಕರೆಯುವ, ಕಾಳು ತಿನ್ನುವ ಪುಟ್ಟ ಹಕ್ಕಿಗಳಾದ ರಾಟವಾಳಗಳಲ್ಲಿ ಚುಕ್ಕೆ ರಾಟವಾಳವನ್ನೂ ಬಿಳಿ ಬೆನ್ನಿನ ರಾಟವಾಳವನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? ಜೊತೆಗಿರುವ ಬರೀ ಕಂದು ಹಕ್ಕಿಗಳು ಯಾವುದರ ಹೆಣ್ಣುಗಳು?

ಮೊದಲನೆಯದು ಸುಲಭ. ಹಕ್ಕಿ ಎದುರಿಗೆ ಕೂತಿದ್ದರೆ ಎದೆ ನೋಡಿ, ಹಾರಿಹೋಗುತ್ತಿದ್ದರೆ ಬಾಲದ ಬುಡ ನೋಡಿ. ಚುಕ್ಕೆ ರಾಟವಾಳದ ಗಂಟಲು ಕಡುಗಂದು, ಎದೆ ಮತ್ತು ಪಕ್ಕೆಯ ಬಿಳಿ ಗರಿಗಳಿಗೆ ಮೀನಿನ ಹುರುಪೆಯಂತೆ ಕಂದು ಅಂಚು. ದಕ್ಷಿಣ ಭಾರತದ ಬಿಳಿ ಬೆನ್ನಿನ ರಾಟವಾಳಕ್ಕೆ ಮುಖದಿಂದ ಎದೆಯವರೆಗೂ ಕಪ್ಪುಗಂದು, ಹೊಟ್ಟೆ ಬಿಳಿ, ಬಾಲ ಕಪ್ಪು ಮತ್ತು ಚೂಪು. ಹಾರಿದಾಗ ಬಾಲದ ಬುಡದ ಮೇಲೆ ಬಿಳಿ ಪಟ್ಟಿ ಎದ್ದು ಕಾಣುತ್ತದೆ. ಪಟ್ಟಿಯೊಂದನ್ನೇ ನಂಬಬೇಡಿ, ಸಿಲ್ವರ್‌ಬಿಲ್ ಎಂಬ ಇವುಗಳ ಹತ್ತಿರದ ಸಂಬಂಧಿಗೂ ಅದಿದೆ. ಆದರೆ ಅದರ ಗಂಟಲು ಬಿಳಿ, ಕೊಕ್ಕು ಬೆಳ್ಳಿಬೂದು.

ಇನ್ನು ಎರಡನೆಯದು. ಎಷ್ಟು ಸಲ ಹೇಳಿದರೂ ಮತ್ತೆ ಬರುವ ಪ್ರಶ್ನೆ ಇದು. ಅವು ಹೆಣ್ಣುಗಳಲ್ಲ, ಮರಿಗಳು. ಹೆಚ್ಚಾಗಿ ಚುಕ್ಕೆ ರಾಟವಾಳದ ಮರಿಗಳು. ಈ ಎರಡೂ ಜಾತಿಗಳಲ್ಲಿ ಗಂಡು ಹೆಣ್ಣು ನೋಡಲು ಒಂದೇ. ಗುಬ್ಬಿ, ಗೀಜಗಗಳಲ್ಲಿ ಹೆಣ್ಣು ಮಂಕಾಗಿರುವುದನ್ನು ಕಂಡು ಅದೇ ಲೆಕ್ಕವನ್ನು ಇಲ್ಲಿಗೂ ತರುತ್ತೇವೆ. ಸಂತಾನಕಾಲದಲ್ಲಿ ಗಂಡು ಮಾತ್ರ ಕೆಂಪಾಗುವ ಕೆಂಪು ರಾಟವಾಳ ಈ ತಪ್ಪನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ.

ನಂಬಿಕೆಯಾಗದಿದ್ದರೆ ಚುಕ್ಕೆ ರಾಟವಾಳದ ಗೂಡನ್ನು ಗಮನಿಸಿ, ದೂರದಿಂದ. ಹುಲ್ಲಿನ ಉಂಡೆಯಂಥ ಆ ಗೂಡನ್ನು ಕಟ್ಟುವುದರಲ್ಲೂ ಕಾವು ಕೊಡುವುದರಲ್ಲೂ ಗಂಡು ಹೆಣ್ಣು ಎರಡೂ ಪಾಲ್ಗೊಳ್ಳುತ್ತವೆ. ಒಳಹೊರಗೆ ಓಡಾಡುವ ಎರಡು ಹಕ್ಕಿಗಳ ಎದೆಯಲ್ಲೂ ಹುರುಪೆ ಇರುತ್ತದೆ. ಕಂದು ಹಕ್ಕಿ ಹೆಣ್ಣಾಗಿದ್ದರೆ ಮೊಟ್ಟೆ ಇಡುವ ಹೊತ್ತಿಗೆ ಅದು ಅಲ್ಲಿರಬೇಕಿತ್ತಲ್ಲ! ಎರಡನೇ ಸಾಕ್ಷಿ ಕಾಲ. ಇವು ಮುಖ್ಯವಾಗಿ ಮಳೆಗಾಲದಲ್ಲಿ ಮರಿ ಮಾಡುತ್ತವೆ, ಅದು ಮುಗಿಯುತ್ತಿದ್ದಂತೆ ಗುಂಪಿನಲ್ಲಿ ಕಂದು ಹಕ್ಕಿಗಳು ಹೆಚ್ಚುತ್ತವೆ. ಆಮೇಲೆ ಎದೆಯಲ್ಲಿ ಅಲ್ಲೊಂದು ಇಲ್ಲೊಂದು ಹುರುಪೆ ಮೂಡಿದ ಅರೆಬರೆ ಹಕ್ಕಿಗಳು ಕಾಣಸಿಗುತ್ತವೆ. ಅವು ಮರಿಗರಿ ಉದುರಿಸಿ ದೊಡ್ಡವಾಗುತ್ತಿರುವ ಹಕ್ಕಿಗಳು. ಅಂಥದೊಂದನ್ನು ದುರ್ಬೀನಿನಲ್ಲಿ ಸರಿಯಾಗಿ ನೋಡಿದರೆ ವಾದ ಅಲ್ಲಿಗೇ ಮುಗಿಯುತ್ತದೆ. ಬಿಳಿ ಬೆನ್ನಿನ ರಾಟವಾಳದ ಮರಿಯೂ ಮಂಕೇ. ಆದರೆ ಬಾಲದ ಬುಡದಲ್ಲಿ ಮಾಸಲು ಬಿಳುಪು ಇರುವುದರಿಂದ ಸಿಕ್ಕಿಬೀಳುತ್ತದೆ.

ಹಾಗಾದರೆ ಗಂಡನ್ನು ತಿಳಿಯುವುದು ಹೇಗೆ? ಹಾಡಿನಿಂದ. ಹಾಡುವುದು ಗಂಡು ಮಾತ್ರ, ಅದೂ ಹತ್ತಿರವಿದ್ದರಷ್ಟೇ ಕೇಳುವಷ್ಟು ಮೆಲ್ಲಗೆ. ಯಾರೂ ಕೇಳದಿದ್ದರೂ ಇಲ್ಲಿ ಒಂದು ಮಾತು ಹೇಳಲೇಬೇಕು. ಪಂಜರದ ಹಕ್ಕಿಯೆಂದು ಹೆಸರಾದ ಬೆಂಗಾಲೀಸ್ ಫಿಂಚ್ ಬಿಳಿ ಬೆನ್ನಿನ ರಾಟವಾಳದ ಸಾಕುತಳಿಯೇ, ಅದನ್ನು ಪಳಗಿಸಿ ಬೆಳೆಸಿದ್ದು ಜಪಾನಿನಲ್ಲಿ. ತಲೆಮಾರುಗಳಿಂದ ಪಂಜರದಲ್ಲೇ ಬೆಳೆದ ಅದರ ಹಾಡು ಕಾಡಿನ ಹಕ್ಕಿಯ ಹಾಡಿಗಿಂತ ಹೆಚ್ಚು ಜಟಿಲವಾಗಿದೆ. ಅದಕ್ಕೇ ಹಕ್ಕಿಹಾಡಿನ ಸಂಶೋಧಕರಿಗೆ ಅದು ಅಚ್ಚುಮೆಚ್ಚು. ಹಾಗೆಂದು ಕಾಡಿನ ರಾಟವಾಳವನ್ನು ಹಿಡಿದು ಸಾಕಲು ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.